ಕೆಂಪು ಟೊಪ್ಪಿಗೆಯ ಕೆಳಗೆ

ಪಾರಿಶ್ವಾಡ
೨೯ ಮೇ, ಗುರುವಾರ

ಚಿರಂಜೀವಿ ತುಷಾರನಿಗೆ ನಿನ್ನ ಭಾವನ ಆಶೀರ್ವಾದ.

ಹೌದು, ನ್ಯೂಟ್ರಲ್‌ನಲ್ಲೇ ಇತ್ತು. ನಿನ್ನೆ ನೀನು ಅದನ್ನೇ ಮತ್ತೆ ಕೇಳುತ್ತಿದ್ದಾಗ ಫೋನು ಕಟ್ಟಾಯಿತು, ಅದಕ್ಕೆ ಅಲ್ಲಿಂದಲೇ ಮುಂದುವರಿಸುತ್ತೇನೆ. ಗೇರು ಬಿದ್ದಿದ್ದರೆ ದೋಣಿಯ ಮೋಟಾರು ಸ್ಟಾರ್ಟ್ ಆಗುವುದಿಲ್ಲ, ಹಾಗೇ ಮಾಡಿರುತ್ತಾರೆ ಎಂದು ನಿನ್ನ ಅಕ್ಕ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿ, ನಡುವೆ ನಿಲ್ಲಿಸಿ, ಕೀಲಿ ತಿರುವಿದೆ. ಟಕ್ ಎಂದಿತು. ಒಂದೇ ಟಕ್. ಆಮೇಲೆ ಏನೂ ಇಲ್ಲ.

ಫೋನಿನಲ್ಲಿ ನೀನು ಕೇಳುತ್ತೀ, ನಾನು ಹೌದು ಹೌದು ಅನ್ನುತ್ತೇನೆ, ಮಾತಾಡಿದಂತೆ ಆಗುವುದಿಲ್ಲ. ಆದ್ದರಿಂದ ಈ ಕಾಗದ. ಪಣಜಿ ಬಸ್ಸಿನ ಕಂಡಕ್ಟರ್ ಈರಣ್ಣ ತಂದು ಮುಟ್ಟಿಸುತ್ತಾನೆ. ಹೊಳೆದಂಡೆಯಲ್ಲಿ ನಮ್ಮ ಪಂಪ್‌ಸೆಟ್ ಶೆಡ್ಡಿನ ಕಟ್ಟೆಯ ಮೇಲೆ ಕುಳಿತಿದ್ದೇನೆ. ಮೋಟಾರನ್ನು ದೋಣಿಯಿಂದ ಬಿಚ್ಚಿ ಮರದ ಸ್ಟ್ಯಾಂಡಿಗೆ ಕಚ್ಚಿಸಿ, ಅದರ ಕಾಲನ್ನು ನೀಲಿ ಬ್ಯಾರಲ್ಲಿನ ನೀರಿನಲ್ಲಿ ಇಳಿಬಿಟ್ಟಿದ್ದೇನೆ. ದೂರದಿಂದ ನೋಡಿದರೆ ಯಾರೋ ಕಾಲು ನೆನೆಸಿಕೊಂಡು ನಿಂತ ಹಾಗಿದೆ.

ನೀನು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದ್ದೇನೆ. ಬೈ ಪ್ರೊಸೆಸ್ ಆಫ್ ಎಲಿಮಿನೇಶನ್ ಅನ್ನುತ್ತಿದ್ದರು ನಮ್ಮ ಕಾಲೇಜಿನ ಫಿಸಿಕ್ಸ್ ಸರ್. ಬ್ಯಾಟರಿ ತುಂಬಿದೆ, ಚಾರ್ಜರಿಗೆ ಹಾಕಿದ ಮೇಲೆ ಮೀಟರು ಹನ್ನೆರಡೂವರೆ ದಾಟಿತು. ಫ್ಯೂಸು ಸುಟ್ಟಿರಲಿಲ್ಲ, ಆದರೂ ಹೊಸದು ಹಾಕಿದೆ. ನಡೆಸುವವರು ನೀರಿಗೆ ಬಿದ್ದರೆ ಮೋಟಾರು ಬಂದ್ ಆಗಲಿ ಎಂದು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಆ ಕೆಂಪು ಸುರುಳಿ ದಾರವೂ ಜಾಗದಲ್ಲಿದೆ. ಅದಿಲ್ಲದಿದ್ದರೆ ಮೋಟಾರು ಗರಗರ ತಿರುಗಿ, ಹೊತ್ತಿಕೊಳ್ಳದೆ ಉಳಿಯುತ್ತದೆ. ನಮ್ಮದು ತಿರುಗುವುದೇ ಇಲ್ಲವಲ್ಲ. ಹಗ್ಗ ಎಳೆದು ಹಚ್ಚಬಹುದು, ಎಳೆಯಲು ಭುಜ ಬೇಕು. ನನ್ನದು ಅಷ್ಟಕ್ಕೆಲ್ಲ ಈಗಿಲ್ಲ. ನಿನ್ನ ಅಕ್ಕನಿಗೂ ಭುಜ ನೋಯುತ್ತಿತ್ತು ಎಂದೇ ನೀನು ಈ ಸೆಲ್ಫ್ ಸ್ಟಾರ್ಟಿನ ಮೋಟಾರು ಗೋವಾದಿಂದ ತಂದುಕೊಟ್ಟಿದ್ದು.

ಒಂದು ಬಲ್ಬು ಸಿಕ್ಕಿಸಿ ನೋಡಿದೆ, ಚೆನ್ನಾಗಿ ಉರಿಯಿತು. ಬಲ್ಬಿಗೆ ಬೇಕಾದ ಕರೆಂಟು ಎಷ್ಟು ಮಹಾ, ಸಣ್ಣ ಸಂದಿಯಲ್ಲೂ ನುಸುಳಿ ಬರುತ್ತದೆ. ಸ್ಟಾರ್ಟರಿಗೆ ದೊಡ್ಡ ಬಾಗಿಲೇ ತೆರೆದಿರಬೇಕು. ಸರ್ ಇದಕ್ಕೆ ಒಂದು ವಾಕ್ಯ ಬರೆಸಿದ್ದರು, ಎ ಸರ್ಕ್ಯೂಟ್ ಈಸ್ ಓನ್ಲಿ ಆಸ್ ಗುಡ್ ಆಸ್ ಇಟ್ಸ್... ಮುಂದಿನದು ನೆನಪಿಲ್ಲ. ಪರೀಕ್ಷೆಯಲ್ಲಿ ಮಾತ್ರ ಸರಿಯಾಗಿ ಬರೆದಿದ್ದೆ.

ಇವತ್ತು ಮಧ್ಯಾಹ್ನ ಸತ್ಯವ್ವ ಬಂದಿದ್ದಳು. ಅವಳ ಎಮ್ಮೆಗಳು ಆಚೆ ದಂಡೆಯಲ್ಲಿವೆ, ನಿನಗೆ ಗೊತ್ತು. ಈಗ ನಿತ್ಯ ಕಲ್ಲು ತುಳಿದು ದಾಟುತ್ತಾಳೆ. ಹೊಳೆ ಹುಟ್ಟುವ ಕಣಕುಂಬಿ ಕಡೆ ಮಳೆ ಹಿಡಿದರೆ ಇಲ್ಲಿ ಕಲ್ಲು ಮುಳುಗುತ್ತವೆ, ಆಮೇಲೆ ದೋಣಿಯೇ ಗತಿ. ಇಷ್ಟು ವರ್ಷ ನಿನ್ನ ಅಕ್ಕ ಶುಭದಾ ಬೆಳಗೂ ಸಂಜೆಯೂ ಅವಳನ್ನು ದಾಟಿಸಿದಳು. ಶುಭದಾ ಹಿಂದೆ ಮೋಟಾರು ಹಿಡಿದು, ನಾನು ಮುಂದೆ ಛತ್ರಿ ಹಿಡಿದು, ನಡುವೆ ಸತ್ಯವ್ವ ಹಾಲಿನ ಕ್ಯಾನು ಹಿಡಿದು. ಈ ಸಲ ಹೇಗೆಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಮೋಡವನ್ನಷ್ಟೇ ನೋಡಿದಳು.

ಕೀಲಿ ತಿರುವಲು ಒಬ್ಬರು ಬೇಕಿತ್ತು, ಅವಳನ್ನೇ ನಿಲ್ಲಿಸಿಕೊಂಡೆ. ನೀನು ಹೇಳಿದ ಪರೀಕ್ಷೆ. ಮೀಟರಿನ ಒಂದು ವಾಯರಿನ ಮೊನೆ ಬ್ಯಾಟರಿಯ ಟರ್ಮಿನಲ್ಲಿಗೆ, ಇನ್ನೊಂದು ಅದನ್ನು ಕಚ್ಚಿದ ವಾಯರಿನ ಕ್ಲಾಂಪಿಗೆ. ಕೀಲಿ ತಿರುವಿದಾಗ ಮೀಟರು ಏನೂ ತೋರಿಸಬಾರದು. ತೋರಿಸಿದರೆ, “ನಡುವ ಹೊಲಸ ಕುಂತೈತಿ ಅಂತ ತಿಳಕೋರಿ ಭಾವಾ, ಪಾಲಿಶ್ ಕಾಗದಲೇ ತಿಕ್ಕಿ ತಗದ ಒಗೀರಿ” ಅಂದಿದ್ದೆ ನೀನು.

ಸತ್ಯವ್ವ ಕೀಲಿ ಹಿಡಿದು ನಿಂತು, “ಸಾಹೇಬ್ರ, ಇದರ ಜ್ವರಾ ನೋಡಾಕ ಹತ್ತೀರೇನ್ರಿ?” ಅಂದಳು. ಹೌದು ಅಂದೆ. ಎಷ್ಟೈತಿ ಅಂದಳು. ಏನೂ ಇಲ್ಲ ಅಂದೆ. “ಏನೂ ಇಲ್ಲಂದ್ರ ಮತ್ತ ಯಾಕ ಏಳವಲ್ದು? ನಮ್ಮ ಮನ್ಯಾನ ಗಂಡಸಿನಂಗ ಆತಲ್ರಿ ಇದು” ಅಂದು ತಾನೇ ನಕ್ಕಳು. ಆಮೇಲೆ, “ಆ ಕೆಂಪ ಟೊಪ್ಪಿಗಿ ಪೂರಾ ತಗದು ನೋಡ್ರಲ್ಲಾ. ಬಾಯಾರು ಮೊದಲಿಗೆ ಅದನ್ನs ತಗೀತಿದ್ರು” ಅಂದಳು. ಶುಭದಾ ಅವಳಿಗೆ ಈಗಲೂ ಬಾಯಾರು. ಬ್ಯಾಟರಿಯ ಪಾಸಿಟಿವ್ ಕಡೆಗೆ ಮುಚ್ಚಿರುವ ರಬ್ಬರಿನ ಟೊಪ್ಪಿಗೆ ಅದು. ಬ್ಯಾರಲ್ಲಿಗೆ ಒಂದು ಕೊಡ ನೀರು ತಾ ಎಂದು ಅವಳನ್ನು ಕಳಿಸಿದೆ. ಬ್ಯಾರಲ್ಲು ತುಂಬಿಯೇ ಇತ್ತು. ಅವಳು ತಂದು ಸುರಿದಳು, ನೀರು ಹೊರಗೆ ಚೆಲ್ಲಿತು.

ಕಾಲೇಜಿನ ಜರ್ನಲ್ಲಿನಲ್ಲಿ ಬರೆಯುತ್ತಿದ್ದ ಹಾಗೆ ಹೇಳುವುದಾದರೆ, ಅಬ್ಸರ್ವೇಶನ್: ನೋ ಡಿಫ್ಲೆಕ್ಷನ್, ಅಂದರೆ ಮೀಟರಿನ ಮುಳ್ಳು ಅಲುಗಲಿಲ್ಲ. ಆಮೇಲೆ ನಿನಗೂ ಮೆಸೇಜಿನಲ್ಲಿ ಹಾಗೆಯೇ ತಿಳಿಸಿದೆ. ಅದಕ್ಕೆ ನೀನು, ಹಾಗಾದರೆ ದೋಷ ಒಳಗಿದೆ, ಸೋಮವಾರ ಟೆಂಪೋ ಕಳಿಸುತ್ತೇನೆ, ಬ್ಯಾಟರಿ ವಾಯರು ಸಮೇತ ಹೇರಿ ಕಳಿಸಿರಿ, ಗ್ಯಾರೇಜಿನ ಹುಡುಗರು ಎಲ್ಲಾ ಬಿಚ್ಚಿ ತೊಳೆದು ಕೊಡುತ್ತಾರೆ ಎಂದು ಬರೆದಿದ್ದೀ. ಎಲ್ಲಾ ಬಿಚ್ಚಿ ತೊಳೆದು ಎಂಬುದನ್ನು ಎರಡು ಸಲ ಓದಿದೆ.

ನೀನು ನನ್ನ ತಬ್ಬೇತು ಕೇಳಿದ್ದೀ. ಊಟ ಆಗುತ್ತದೆ. ನಿದ್ದೆ ಆಗುತ್ತದೆ. ಬೆಳಗಾವಿಗೆ ಹೋಗಿ ಪೆನ್ಶನ್ ಕೆಲಸ ಮುಗಿಸಿ ಬಂದೆ. ಶುಭದಾಳನ್ನು ಸೇರಿಸಿದ್ದ ನೆಹರು ನಗರದ ಆಸ್ಪತ್ರೆಯ ಮುಂದೆಯೇ ಸಿಟಿ ಬಸ್ಸು ನಿಂತಿತು, ಜನ ಹತ್ತಿದರು, ಇಳಿದರು, ಮುಂದೆ ಹೋಯಿತು. ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂದು ಆಮೇಲೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಅನ್ನಿಸಿತು.

ದಸರೆಯಲ್ಲಿ ಅಕ್ಕ ಮಾಡುತ್ತಿದ್ದ ಖಂಡೆ ಪೂಜೆ ನಿನಗೆ ನೆನಪಿದೆಯೋ ಇಲ್ಲವೋ. ಎಲ್ಲರೂ ಯಂತ್ರದ ಮೇಲೆ ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಕೈಮುಗಿಯುತ್ತಾರೆ. ಇವಳು ಹಾಗಲ್ಲ. ಕ್ಲಾಂಪು ಸಡಿಲಿಸಿ ಎತ್ತಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಟರ್ಮಿನಲ್ಲಿಗೇ ಸುತ್ತಲೂ ಹಚ್ಚಿ, ನೆತ್ತಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಮತ್ತೆ ಕ್ಲಾಂಪು ಬಿಗಿಯುತ್ತಿದ್ದಳು. ಹಾಗೆ ಮಾಡಬಾರದು, ಎಣ್ಣೆ ಕುಂಕುಮ ಇನ್ಸುಲೇಟರ್ ಆಗುತ್ತದೆ ಎಂದು ನಾನು ಪ್ರತಿವರ್ಷ ಹೇಳುತ್ತಿದ್ದೆ. “ಮ್ಯಾಲ ಹಚ್ಚಿದ್ದು ನೀರಿಗೆ ಹೋಗತೈತ್ರೀ. ಶಕ್ತಿ ಎಲ್ಲಿಂದ ಬರತೈತಿ ಅಲ್ಲೇ ಹಚ್ಚಬೇಕು” ಎಂದು ಅವಳೂ ಪ್ರತಿವರ್ಷ ಹೇಳುತ್ತಿದ್ದಳು. ದೀಪಾವಳಿಯ ಪಾಡ್ವಾದ ದಿನ ತಾನೇ ಬಿಸಿನೀರು, ಸೋಡಾಪುಡಿ ತಂದು ಒರೆಸಿ ಲಕಲಕ ಮಾಡಿಡುತ್ತಿದ್ದಳು. ಮರುದಿನ ಭಾವುಬೀಜಕ್ಕೆ ತಮ್ಮ ಬರುತ್ತಾನೆ, ಅವನ ಎದುರಿಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು ಎಂದು.

ಹೋದ ವರ್ಷ ಪೂಜೆ ಆಯಿತು. ಪಾಡ್ವಾ ಬರುವಷ್ಟರಲ್ಲಿ ಅವಳಿರಲಿಲ್ಲ.

ಸತ್ಯವ್ವ ಆಚೆ ದಂಡೆಯಿಂದ ವಾಪಸು ಬರುತ್ತಿದ್ದಾಳೆ. ಸೀರೆ ಎತ್ತಿ ಕಟ್ಟಿಕೊಂಡು, ಕ್ಯಾನನ್ನು ತಲೆಯ ಮೇಲಿಟ್ಟು, ಕಲ್ಲಿನ ಮೇಲೆ ಕಾಲು ಊರಿ ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ಮುಂದಿನ ಕಲ್ಲು. ನೀರು ನಿನ್ನೆಗಿಂತ ಕಂದಾಗಿದೆ. ಮೇಲೆ ಎಲ್ಲೋ ಮಳೆ ಶುರುವಾಗಿರಬೇಕು. ಅವಳು ಯಾವ ಕಲ್ಲಿನ ಮೇಲೆ ಇದ್ದಾಳೆ ಎಂದು ಈಗ ಸರಿಯಾಗಿ ಕಾಣುತ್ತಿಲ್ಲ. ಬರೆದ ಸಾಲೂ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಭಾವ,
ಕೃಷ್ಣಾಜಿ

ತಾ.ಕ.: ಮೀಟರು ಒಂಬತ್ತು ವೋಲ್ಟಿನ ಆಸುಪಾಸು ತೋರಿಸಿತು. ಸೊನ್ನೆ ಅಲ್ಲ. ಟರ್ಮಿನಲ್ಲಿನ ನೆತ್ತಿಯ ಮೇಲೆ ನಿನ್ನ ಅಕ್ಕನ ಹೆಬ್ಬೆರಳಿನ ಗುರುತು ಗೆರೆ ಸಮೇತ ಹಾಗೇ ಇದೆ. ಅದಕ್ಕೆ ತಾಗದಂತೆ ಮೊನೆಯನ್ನು ಅಂಚಿಗೆ ಹಿಡಿದಿದ್ದೆ. ಕ್ಲಾಂಪಿನ ಒಳಗೆ ಕುಂಕುಮ ಗಟ್ಟಿಯಾಗಿ ಅಂಚಿಗೆ ಹಸಿರು ಹಿಡಿದಿದೆ. ಮೋಟಾರಿನಲ್ಲಿ ಬೇರೆ ಯಾವ ದೋಷವೂ ಇಲ್ಲ. ನೀನು ಅದನ್ನು ಹೊಲಸು ಅಂದೆ, ಅದಕ್ಕೇ ನನಗೆ ಮೆಸೇಜಿನಲ್ಲಿ ನಿಜ ಹೇಳಲಾಗಲಿಲ್ಲ. ಟೆಂಪೋ ಕಳಿಸಬೇಡ, ಭಾನುವಾರ ನೀನೇ ಬಾ. ಸೋಮವಾರದಿಂದ ದೋಣಿ ಇರುತ್ತದೆ ಎಂದು ಸತ್ಯವ್ವನಿಗೆ ಈಗಷ್ಟೇ ಕೂಗಿ ಹೇಳಿದ್ದೇನೆ. ಬಿಸಿನೀರು ಕಾಸಿ ಇಡುತ್ತೇನೆ. ನೀನು ಒರೆಸು. ಕೀಲಿ ನಾನು ತಿರುವುತ್ತೇನೆ.