ಇಪ್ಪತ್ತೆರಡು ಹೆಜ್ಜೆ

ಜೂನ್ 3, ಮಂಗಳವಾರ. ಬೆಳಗ್ಗೆ 7.10

ಇವತ್ತೂ ಬಚ್ಚಲ ಬಾಗಿಲಲ್ಲಿ ಅಪ್ಪನ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಹನ್ನೊಂದು ನಿಮಿಷ. "ಅಂಟ್ಕಂಡ್ಬುಟ್ಟೈತೆ ಕಣವ್ವ," ಅಂದ, ಕಾಲು ಬೇರೆ ಯಾರದೋ ಅನ್ನುವ ಹಾಗೆ. ರೇಗಿಬಿಟ್ಟೆ. ಕಾಲೇಜಿಗೆ ಲೇಟ್. ಆಮೇಲೆ ನಾಚಿಕೆಯಾಯಿತು.

ಪಾರ್ಕಿನ್ಸನ್ಸ್, ನಾಲ್ಕನೇ ವರ್ಷ. ಹಾಸನದ ಡಾಕ್ಟರ್ ಹೇಳಿದ್ದು — ಹೆಜ್ಜೆಗೆ ಒಳಗಿಂದ ತಾಳ ಕೊಡುವ ಮಿದುಳಿನ ಭಾಗ ಸೋತಿದೆ. ಹೊರಗಿಂದ ಲಯ ಕೇಳಿಸಿದರೆ ಬೇರೆ ದಾರಿ ಹಿಡಿದು ಕಾಲಿಗೆ ತಲುಪಬಹುದು. ನಡಿಗೆ ನಿಂತರೆ ಮಾತ್ರ ಹಾಸಿಗೆಯೇ ಗತಿ.

ಜೂನ್ 5

ಫೋನಿಗೆ ತಾಳ ಹೊಡೆಯುವ ಮೆಟ್ರೊನೋಮ್ ಆ್ಯಪ್ ಹಾಕಿದೆ. ಟಿಕ್ ಟಿಕ್. ನಾಲ್ಕು ಹೆಜ್ಜೆ ಹಾಕಿ ನಿಂತ. "ಇದುಕ್ಕೆ ಉಸ್ರೇ ಇಲ್ವಲ್ಲವ್ವ. ನಾನ್ ನಿಂತ್ರೂ ಅದ್ರ ಪಾಡಿಗೆ ಅದು ಹೋಯ್ತಾ ಐತೆ." ಆ್ಯಪ್ ಡಿಲೀಟ್.

ಜೂನ್ 12

ಸೆಕೆಂಡ್ ಪಿಯು ಹುಡುಗರಿಗೆ ಸೈಕಾಲಜಿ ಪಾಠ ಮಾಡಿದೆ. ಒಟ್ಟಿಗೆ ತಾಳ ಹಾಕಿದ ಅಪರಿಚಿತರು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾಗುತ್ತಾರೆ ಅನ್ನುವ ಪ್ರಯೋಗಗಳು. ಎದುರಿನವರ ಲಯಕ್ಕೆ ಸರಿಯಾಗಿ ಕೂಸನ್ನು ಕುಣಿಸಿದರೆ, ಅವರ ಕೈಯಿಂದ ಜಾರಿ ಬಿದ್ದದ್ದನ್ನು ಆ ಕೂಸೇ ಎತ್ತಿಕೊಡುತ್ತದಂತೆ. ಹುಮ್ಮಸ್ಸಿನಲ್ಲಿ ಮನೆಗೆ ಬಂದು ಅಪ್ಪನಿಗೂ ಒಪ್ಪಿಸಿದೆ. ನಕ್ಕ. ನಕ್ಕು ಎಷ್ಟು ತಿಂಗಳಾಗಿತ್ತು!

"ಇಡೀ ಊರು ನನ್ ತಮಟೆಗೆ ಕುಣೀತು ಮಗಾ. ಎಲ್ರ ಕಾಲೂ ಒಂದೇ ಏಟಿಗೆ. ಕುಣ್ದಾದ್ಮ್ಯಾಕೆ ನೀರ್ ಕೇಳ್ದೆ. ದೂರ ನಿಂತ್ಕಂಡು ಬೊಗ್ಸೆ ಒಡ್ಡು ಅಂದ್ರು. ನಿನ್ ಪುಸ್ತಕದೋರು ಆ ಬೀದಿಗೆ ಬಂದಿದ್ರಾ?"

ನಾನು ಹುಟ್ಟುವ ಮೂರು ವರ್ಷ ಮೊದಲು, ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಅಪ್ಪ ತಮಟೆ ಸುಟ್ಟ. ಮನೆಯಲ್ಲಿ ಆ ಸದ್ದು ಕೂಡದು ಅಂತ ಆಣೆ. ಅಟೆಂಡರ್ ಕೆಲಸ, ನನ್ನ ಓದು, ಅರಸೀಕೆರೆಯ ಈ ಮನೆ ಎಲ್ಲ ಆಮೇಲಿನದು.

ಜೂನ್ 15, ಭಾನುವಾರ

ಅಪ್ಪನ ಜೊತೆ ಹಳೇಬೀಡಿಗೆ ಹೊರಟಿದ್ದೆ. ಜಾವಗಲ್ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯಲು ಇಳಿದೆವು. ವಾಪಸ್ ಹತ್ತಬೇಕು, ಕಾಲು ಬರುತ್ತಿಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಹೆಣ ಬಂತು, ಮುಂದೆ ತಮಟೆ. ಅಪ್ಪ ನಡೆದ! ಕೈ ಬೀಸಿಕೊಂಡು, ನೆಟ್ಟಗೆ, ಬಸ್ಸಿನ ಬಾಗಿಲವರೆಗೆ. ತಾನು ನಡೆದದ್ದು ಯಾವ ಸದ್ದಿಗೆ ಅಂತ ಗೊತ್ತಾದ ತಕ್ಷಣ ನಿಂತ.

ತಮಟೆ ಕೇಳಿಸಿದರೆ ಅಪ್ಪ ನಡೆಯುತ್ತಾನೆ ಅಂತ ಅವ್ವನಿಗೆ ಹೇಳಿದೆ. "ಆ ಆಸೆ ಬಿಟ್ಬುಡು ಲತಾ," ಅಂದಳು. "ನಡಿಗೆ ಹೋದ್ರೆ ಹೋಗ್ಲಿ. ನಿಮ್ಮಪ್ಪ ತನ್ಗೇ ಅಂತ ಸಂಪಾದ್ಸಿರೋದು ಆ ಆಣೆ ಒಂದ್ನೇಯ."

ಜೂನ್ 29, ಭಾನುವಾರ. ಮಧ್ಯಾಹ್ನ

ಮಾಡಿಬಿಟ್ಟೆ. ಅಪ್ಪ ಅಡುಗೆಮನೆ ಹೊಸಲಲ್ಲಿ ಸಿಕ್ಕಿಕೊಂಡಿದ್ದ. ತಮಟೆ ತಾನೇ ಬೇಡ? ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿ ಬೆರಳಲ್ಲೇ ಬಡಿದೆ. ಅವನು ನಿಧಾನಿಸಿದರೆ ನಾನೂ ನಿಧಾನಿಸಿದೆ. ಹಿತ್ತಲ ಕರಿಬೇವಿನ ಗಿಡದವರೆಗೆ ಇಪ್ಪತ್ತೆರಡು ಹೆಜ್ಜೆ. ಎಣಿಸಿದೆ. ಅಳು, ನಗು ಎರಡೂ ಬಂತು.

ತಿರುಗಿ ನೋಡಿದ. "ಈ ಏಟು ಯಾರ್ ಕಲ್ಸುದ್ರು?"

"ನೀನೇ ಕಣಪ್ಪ. ಚಿಕ್ಕೋಳಿದ್ದಾಗ ಬೆನ್ನು ತಟ್ಟಿ ಮಲಗಿಸ್ತಿದ್ದೆಯಲ್ಲ... ಅದೇ."

ತನ್ನ ಕೈಗಳನ್ನೇ ನೋಡಿಕೊಂಡ. "ಹಂಗಾರೆ ನಾನು ತಮಟೆ ಬಿಟ್ಟೇ ಇರ್ನಿಲ್ಲ."

ಗಿಡದ ಬುಡದಲ್ಲೇ ಕುಸಿದು ಕೂತ. ನಾನೂ ಅವ್ವನೂ ಎತ್ತಿಕೊಂಡು ಒಳಗೆ ತಂದೆವು. ಯಾರೋ ಕಲಿಸಿದರು ಅಂದಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು?

ಜುಲೈ 14

ಅವತ್ತಿನಿಂದ ಅಪ್ಪ ಕಾಲು ಊರಿಲ್ಲ. ಎಬ್ಬಿಸಲು ಹೋದರೆ ಗೋಡೆಗೆ ಮುಖ. ಬೆನ್ನಲ್ಲಿ ಹುಣ್ಣು ಶುರುವಾಗಿದೆ. "ಇನ್ನು ಕಷ್ಟ ಮೇಡಂ," ಅಂದರು ಡಾಕ್ಟರ್. ಅವ್ವ ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 31. ಸಂಜೆ 4.30

ಮಾತೂ ಹೋಯಿತು. ಕೈ ಮಾತ್ರ ಹೊದಿಕೆ ಮೇಲೆ ಆಡುತ್ತಲೇ ಇದೆ. ರಜೆ ಹಾಕಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದೇನೆ, ಅದರಲ್ಲಿ ಲಯ ಇದೆಯಾ ಅಂತ. ಇಲ್ಲ. ಬರೀ ನಡುಕ. ಪಾಠ ಹೇಳುವವಳು ನಾನು, ನನಗೆ ಗೊತ್ತಿಲ್ಲವೇ.

5.10

ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದೇನೆ. ಅಪ್ಪನ ಕೈ ತೆಗೆದು ಬೆನ್ನ ಮೇಲಿಟ್ಟುಕೊಂಡೆ. ನಡುಕ. ನಡುಕ. ಆಮೇಲೆ ಒಂದು ಏಟು. ಇನ್ನೊಂದು... ಇದು ನಡುಕ ಅಲ್ಲ, ಅದೇ ಏಟು! ಮೂರನೆಯದಕ್ಕೆ ಕಾದೆ.

ಮೂರನೆಯದು ಬೀಳದ ಹಾಗೆ ಬೆರಳು ಮಡಚಿಕೊಂಡ. ಮುಷ್ಟಿ. ಬಿಡಿಸಲು ನೋಡಿದೆ, ಆಗುತ್ತಿಲ್ಲ. ಇಷ್ಟು ಬಲ ಎಲ್ಲಿತ್ತು ಇವನಿಗೆ? ಬಿಡಪ್ಪಾ. ಒಂದೇ ಒಂದು ಸಲ ತಟ್ಟು. ನಾನು ಯಾರಿಗೂ ಹೇಳಲ್ಲ—