ಸೋದರಮಾವನ ತೊಡೆ

ಶಹಾಪುರ, ಬೆಳಗಾವಿ
೧೨ ಫೆಬ್ರುವರಿ ೨೦೨೫

ಖಾನಾಪುರ ಸಂಸ್ಥಾನದ ಹಿರಿಸೊಸೆ, ಕುಮಾರ ಅಮರನ ಮಾತೆ, ಸಕಲ ಸದ್ಗುಣಗಳ ಜೊತೆಗೆ ತಮ್ಮನ ಕಿವಿ ಹಿಂಡುವ ಗುಣವನ್ನೂ ಉಳ್ಳ ಶ್ರೀಮತಿ ನೇತ್ರಾದೇವಿಯವರ ಪಾದಾರವಿಂದಗಳಿಗೆ, ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಫ್ಯಾಕ್ಟರ್ ಒಂದನ್ನು ಬಿಟ್ಟು ಉಳಿದೆಲ್ಲ ಐಶ್ವರ್ಯ ಪಡೆದ ತಮ್ಮ ಬೀರೇಶನ ಸಾಷ್ಟಾಂಗ ನಮಸ್ಕಾರಗಳು. ಹೇಗೂ ಮಲಗಿಯೇ ಇರುವುದರಿಂದ ಸಾಷ್ಟಾಂಗಕ್ಕೆ ವಿಶೇಷ ಶ್ರಮವಾಗಲಿಲ್ಲ.

ಅಕ್ಕಾ, ಆರಾಮ ಇದ್ದೀಯಾ? ರಾತ್ರಿ ನಿದ್ದೆ ಮಾಡಲು ಎಂಟು ತಿಂಗಳ ಮಹಾರಾಜರು ಬಿಡುತ್ತಾರೆಯೇ? ಫೋನ್ ಮಾಡಿದರೆ ನಿಮ್ಮ ಅತ್ತೆ ಸ್ಪೀಕರ್ ಹಾಕಿಸಿ ಬಾಜೂಕೇ ಕೂಡುತ್ತಾರೆ. ಅದಕ್ಕೇ ಅಮರನ ತಲೆಗೆಂದು ಅಪ್ಪ ತರುವ ಕುಂಚಿಗೆಯ ಮಡಿಕೆಯಲ್ಲಿ ಈ ಪತ್ರ ಇಟ್ಟಿದ್ದೇನೆ. ಒಬ್ಬಳೇ ಇದ್ದಾಗ ಓದು.

ನನ್ನ ಎಡ ಮೊಣಕಾಲು ಭಾನುವಾರದಿಂದ ಊದಿ, ಅವ್ವ ಹೊತ್ತುಹೊತ್ತಿಗೆ ಐಸ್ ಇಡುತ್ತಿದ್ದಾಳೆ. ಹೀಗಾಗಿ ಅಮರನ ಕಿವಿ ಚುಚ್ಚುವ ಶುಭಕಾರ್ಯ ಯುಗಾದಿಯ ಆಚೆ ಹೋಯಿತು. ನಿಮ್ಮ ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು: "ಸೋದರಮಾವನ ತೊಡಿ ಬಿಟ್ಟು ಬ್ಯಾರೆ ತೊಡಿ ಮ್ಯಾಲ ನಮ್ಮ ಮನ್ಯಾಗ ಕಿವಿ ಚುಚ್ಚಿಲ್ಲ. ಹುಡುಗನ ಕಾಲು ನೆಟ್ಟಗಾಗ್ಲಿ." ಜೊತೆಗೆ, "ಇಷ್ಟ ಸಣ್ಣ ವಯಸ್ಸಿನ್ಯಾಗ ಸಂಧಿವಾತ ಹೆಂಗ ಬಂತ್ರೀ?" ಎಂದು ಮತ್ತೆ ಕೇಳಿದರು. ನಿನ್ನ ಮದುವೆಯಲ್ಲಿ ಅವ್ವ ಹೇಳಿದ ಸುಳ್ಳು ಇನ್ನೂ ಆರೋಗ್ಯವಾಗಿದೆ. ಅವರು ಕಳಿಸಿದ್ದ ವಾತದ ಎಣ್ಣೆಯಲ್ಲಿ ಅವ್ವ ದೀಪ ಹಚ್ಚುತ್ತಾಳೆ.

ಸುಸ್ತಾಗಿದೆ ಅಕ್ಕಾ. ಸೂಜಿ ರೂಢಿಯಾಗಿದೆ; ನಿಮ್ಮೂರಿಗೆ ಬಂದಾಗಲೆಲ್ಲ ಸಂಧಿವಾತದ ಮುದುಕನಾಗುವುದು ರೂಢಿಯಾಗಿಲ್ಲ. ಹೋದ ವಾರ ನೀನು ನಗುತ್ತಲೇ ಅಂದೆಯಲ್ಲ, "ಅಂಬೆಗಾಲು ಇಡಾಕ ಹತ್ತಿದಾಗಿಂದ ಇವನ ಮೊಣಕಾಲೆಲ್ಲ ನೀಲಿ ನೀಲಿ" ಅಂತ. ನಿನಗೆ ನಗು ಬಂದಿರಲಿಲ್ಲ, ನನಗೆ ಗೊತ್ತು. ಅಕ್ಕನ ಗಂಡುಮಗುವಿಗೂ ನನ್ನ ಈ ಹಿಮೋಫಿಲಿಯಾ ಬರಬಹುದೆಂದು ಡಾಕ್ಟರು ಹೇಳಿದಾಗ ಇಬ್ಬರೂ ಒಂದೇ ಬೆಂಚಿನ ಮೇಲಿದ್ದೆವು. ನನ್ನ ಕಿವಿ ಚುಚ್ಚಿದ ಮೇಲೆ ಮೂರು ದಿನ ರಕ್ತ ನಿಲ್ಲದೆ, ಅವ್ವ ಸೆರಗು ಒತ್ತಿ ಹಿಡಿದು ಕೂತಿದ್ದನ್ನು ಐದು ವರ್ಷದ ನೀನು ನೋಡಿದ್ದೀ. ಅದೇ ಅವ್ವ ಈಗ, "ಬಾಯಿ ಮುಚ್ಚ್ಕೊಂಡಿರು, ಅಕಿ ಸಂಸಾರ ಕೆಡ್ತದ" ಅನ್ನುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಲೂ ನನ್ನಲ್ಲಿ ತ್ರಾಣವಿಲ್ಲ.

ಭಾವನಿಗಾದರೂ ನಿಜ ಹೇಳು. ಅವರು ಕೆಟ್ಟವರಲ್ಲ, ತಾಯಿಗೆ ಹೆದರುತ್ತಾರೆ, ಅಷ್ಟೇ.

ಕುಮಾರರ ಎರಡೂ ಕೆನ್ನೆಗಳಿಗೆ, ಚುಚ್ಚದ ಎರಡೂ ಕಿವಿಗಳಿಗೆ ನನ್ನ ಮುತ್ತು.

ಇಂತಿ ನಿನ್ನ
ಬೀರೇಶ

ತಾ.ಕ.: ಅಪ್ಪ ಚಪ್ಪಲಿ ಮೆಟ್ಟಿಯಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಪಟ್ಟಿಯೊಳಗೆ ಸುತ್ತಿರುವುದು ಅಪ್ಪನ ಟಾವೆಲ್. ಆಸ್ಪತ್ರೆಗೆಂದು ಹೋದ ದಿನ ಗೆಳೆಯನ ಅಂಗಡಿಯಲ್ಲಿ ಚಹಾ ಕುಡಿದು ಬಂದೆ. ಐಸ್ ಇಟ್ಟು ಇಟ್ಟು ಅವ್ವನ ಬೆರಳು ಮರಗಟ್ಟಿವೆ, ಅದೊಂದು ಪಾಪ ನನ್ನ ಮೇಲಿದೆ. ಒಂಬತ್ತನೇ ತಿಂಗಳ ಲಸಿಕೆಯ ನೆಪ ಹೇಳಿ ಅಮರನನ್ನು ಇಲ್ಲಿಗೆ ಕರೆದುಕೊಂಡು ಬಾ, ರಕ್ತ ಪರೀಕ್ಷೆ ಮಾಡಿಸೋಣ. ರಿಪೋರ್ಟ್ ಬರುವ ತನಕ ನಾನು ಕುಂಟುತ್ತಲೇ ಇರುತ್ತೇನೆ.