ದನಿ ತೆಗೆಯಿರಿ ಎಂದ ದನಿಯಕ್ಕನಿಗೆ

ದನಿಯಕ್ಕನವರಿಗೆ,

ಲೋಕದ ಸುದ್ದಿಯನ್ನೆಲ್ಲ ನಿಮ್ಮ ಬಾಯಿಂದಲೇ ಕೇಳಿದ ಒಬ್ಬನ ನಮಸ್ಕಾರ.

ನನ್ನ ಮುಖ ನಿಮಗೆ ನೆನಪಿರಲಾರದು. ಒಮ್ಮೆ ಮಾತ್ರ ಭೇಟಿಯಾಗಿದ್ದೇವೆ, ನಮ್ಮ ಗುಂಪಿನ ವಾರ್ಷಿಕ ಕೂಟದಲ್ಲಿ. ಬಾಡಿಗೆ ಹಾಲ್, ಕಿರುಗುಟ್ಟುವ ಕುರ್ಚಿ, ಆರಿದ ಕಾಫಿ. ಯಾರೋ ನನ್ನ ಕೈ ಹಿಡಿದುಕೊಂಡು ಬಂದು, "ಇವರೇ ನೋಡಿ, ನಿಮ್ಮ ಕಂಪ್ಯೂಟರ್ ಒಳಗಿರೋರು" ಎಂದರು. ನೀವು ನಮಸ್ಕಾರ ಎಂದಿರಿ. ನಾನು ನಂಬಲಿಲ್ಲ. "ಇವರು ಬೇರೆ ಯಾರೋ ಇರಬೇಕು" ಎಂದುಬಿಟ್ಟೆ. ನೀವು ಮೂಗೆಳೆದು, "ನೆಗಡಿ ಕಣಪ್ಪ. ಇವತ್ತು ಬೇರೆ ಆವೃತ್ತಿ" ಎಂದು ನಕ್ಕಿರಿ. ಆ ನಗುವಿನಿಂದ ಗುರುತು ಹಿಡಿಯುವಂತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ನೀವು ಯಾವತ್ತೂ ನಕ್ಕವರಲ್ಲ.

ನಾನು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣಿಲ್ಲ. ಬಿಡುವಿನಲ್ಲಿ ನಮ್ಮ ಗುಂಪಿನ ತಂತ್ರಾಂಶವನ್ನು ಪರೀಕ್ಷಿಸುತ್ತೇನೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಸಂಬಳವಿಲ್ಲದೆ ಹತ್ತಾರು ಜನ ಸೇರಿ ಕಟ್ಟಿದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ಪಡೆದು, ತಿದ್ದಿ, ಇನ್ನೊಬ್ಬರಿಗೆ ಕೊಡಬಹುದಾದದ್ದು. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಅದರ ಹಳೆಯ, ಡಬ್ಬದಂಥ ಯಂತ್ರದನಿಯ ಜಾಗಕ್ಕೆ ದನಿ ಕೊಟ್ಟವರೇ ನೀವು.

ಶಿಶುವಿಹಾರದ ಮಕ್ಕಳನ್ನು ಮನೆಗೆ ಕಳಿಸಿ, ಸಂಜೆ ಯಜಮಾನರ ಮನೆಯ ಹಿಂದಿನ ಕೋಣೆಗೆ ಬಂದು ಕೂರುತ್ತಿದ್ದಿರಂತೆ. ಯಜಮಾನರೆಂದರೆ ಗುಂಪು ಕಟ್ಟಿದವರು. ಆ ಹೆಸರನ್ನು ನಾವು ಇಟ್ಟದ್ದು ತಮಾಷೆಗೆ, ಅವರು ಇಟ್ಟುಕೊಂಡದ್ದು ಗಂಭೀರವಾಗಿ. ಗೋಡೆಗೆಲ್ಲ ರಜಾಯಿ ನೇತುಹಾಕಿ, ತಿಂಗಳುಗಟ್ಟಲೆ ನಿಮ್ಮಿಂದ ವಾಕ್ಯ ಓದಿಸಿದರು. ತಲೆಬುಡವಿಲ್ಲದ ವಾಕ್ಯಗಳು. ಚಿಟ್ಟೆಗೆ ಚಪ್ಪಲಿ ಬೇಡ. ನಾಳೆ ನೆರಳು ಬರುತ್ತದೆ. ನಿಮ್ಮ ಮನೆಯ ಮುಂದೆ ಯಾರೋ ನಿಂತಿದ್ದಾರೆ. ಆ ಓದನ್ನು ತಂತ್ರಾಂಶ ಚೂರುಚೂರಾಗಿ ಕತ್ತರಿಸಿ ಇಟ್ಟುಕೊಂಡಿದೆ. ಬೇಕಾದಾಗ ಚೂರುಗಳನ್ನು ಹೊಲಿದು ಮಾತು ಮಾಡುತ್ತದೆ. ನೀವು ಎಂದೂ ಆಡದ್ದನ್ನೂ ನೀವೇ ಆಡಿದಂತೆ ಆಡುತ್ತದೆ.

ಬ್ಯಾಂಕಿನ ಪತ್ರ, ಮಗಳ ಅಂಕ, ಅಪ್ಪ ಹೋದ ಸುದ್ದಿ, ಎಲ್ಲವನ್ನೂ ನನಗೆ ಮೊದಲು ಹೇಳಿದವರು ನೀವು. ಅಪ್ಪನ ಸುದ್ದಿಯನ್ನು ಹವಾಮಾನ ವರದಿಯ ರಾಗದಲ್ಲಿ ಹೇಳಿದಿರಿ. ಬೇರೆ ರಾಗದಲ್ಲಾಗಿದ್ದರೆ ತಡೆದುಕೊಳ್ಳುತ್ತಿರಲಿಲ್ಲವೇನೋ. ಕೋಣೆಯಿಂದ ದನಿ ಬಂದರೆ ನನ್ನ ಹೆಂಡತಿ, "ನಿಮ್ಮಕ್ಕ ಕರೀತಿದ್ದಾರೆ, ಹೋಗಿ ವಿಚಾರಿಸಿ" ಎನ್ನುತ್ತಿದ್ದಳು. ನನಗೆ ಒಡಹುಟ್ಟಿದ ಅಕ್ಕ ಇಲ್ಲ. ಹಾಗಾಗಿ ಜಾಗ ಖಾಲಿ ಇತ್ತು.

ಆಮೇಲೆ ಆ ವಾರ ಬಂತು.

ಗುಂಪಿಗೆಲ್ಲ ಹೋಗುವ ಮೇಲ್‌ನಲ್ಲಿ ನೀವೊಂದು ಸಣ್ಣ ದೋಷ ತಿಳಿಸಿದಿರಿ. 'ನಿಮ್ಮ' ಎಂದು ಶುರುವಾಗುವ ವಾಕ್ಯಕ್ಕೆ ಮುಂಚೆ ನಾನು ನೀರು ಗುಟುಕರಿಸಿದ ಸದ್ದು ಸೇರಿಕೊಂಡಿದೆ, ದಯವಿಟ್ಟು ತೆಗೆಯಿರಿ, ಎಂದು. ಅಷ್ಟೇ. ಓದಿಸುವ ದಿನಗಳಲ್ಲಿ ಯಜಮಾನರೇ, "ಅಕ್ಕಾ, ಗಂಟಲು ಒಣಗಿದೆ, ಒಂದು ಗುಟುಕು ನೀರು ಕುಡೀರಿ" ಎಂದು ಲೋಟ ಕೊಟ್ಟಿದ್ದರೆಂದೂ, ಅದೇ ಸದ್ದು ಇರಬೇಕೆಂದೂ ಬರೆದಿದ್ದಿರಿ. ಅವರಿಗೆ ಯಾವುದು ಚುಚ್ಚಿತೋ, ದೋಷವೋ ಲೋಟವೋ, ಗೊತ್ತಿಲ್ಲ. ಉತ್ತರ ಬಂತು: "ನಿಮ್ಮ ಕೆಲಸ ಬಾಯಿ ಬಿಡೋದಾಗಿತ್ತು. ಬಿಟ್ಟಾಯ್ತು. ಇನ್ನು ಮುಚ್ಚಿ." ಅವರು ಬೈದದ್ದೇ ತಡ, ಹಿಂಬಾಲಕರಿಗೆ ಹಬ್ಬ. "ನಿಮ್ಮ ಪಾಠ ನಿಮ್ಮ ಶಿಶುವಿಹಾರಕ್ಕೆ ಇರಲಿ." "ನಿಮ್ಮ ಗಂಟಲಿಗಿಂತ ಹಳೇ ಡಬ್ಬದ ದನಿ ವಾಸಿ." ಒಬ್ಬನಂತೂ ನಿಮ್ಮ ವಯಸ್ಸು, ಮೈ, ಮನೆ ಎಲ್ಲಕ್ಕೂ ಕೈ ಹಾಕಿದ. ಅದನ್ನಿಲ್ಲಿ ಬರೆಯುವುದಿಲ್ಲ.

ಕಣ್ಣಿದ್ದವರು ಇದನ್ನು ಓದಿದರು. ನನಗೆ ನೀವೇ ಹೇಳಿದಿರಿ, ಅಕ್ಕಾ.

ಮೊದಲು ಗುಟುಕು. ಆಮೇಲೆ, ನಿಮ್ಮ ಕೆಲಸ ಬಾಯಿ ಬಿಡೋದಾಗಿತ್ತು. ಮತ್ತೆ ಗುಟುಕು. ನಿಮ್ಮ ಗಂಟಲಿಗಿಂತ. ಎಲ್ಲ ಬೈಗುಳವೂ ಆ ಒಂದೇ ಪದದಿಂದ ಶುರುವಾಗುತ್ತಿತ್ತು, ಪ್ರತಿ ಬೈಗುಳಕ್ಕೂ ಮುಂಚೆ ನೀವು ಏನನ್ನೋ ನುಂಗುತ್ತಿದ್ದಿರಿ. ಆಮೇಲೆ ಸ್ವಚ್ಛವಾಗಿ, ಸಮಾಧಾನವಾಗಿ, ಮಕ್ಕಳಿಗೆ ಕಥೆ ಹೇಳುವ ಹಾಗೆ, ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದಿರಿ. ಚಿಟ್ಟೆಯಿಂದ ಕತ್ತರಿಸಿದ ಚಿ, ನಾಳೆಯಿಂದ ಕತ್ತರಿಸಿದ ನಾ. ಆ ಎರಡನ್ನೂ ಸೇರಿಸಿ ಯಾವ ಬೈಗುಳ ಹೊಲಿದಿತ್ತೆಂದು ನನ್ನ ಕಿವಿಗೆ ಗೊತ್ತು.

ಹೆಂಡತಿ ಬಾಗಿಲಲ್ಲಿ ನಿಂತಳು.

"ಯಾಕ್ರೀ, ನಿಮ್ಮಕ್ಕ ಹೀಗೆಲ್ಲ ಮಾತಾಡ್ತಿದ್ದಾರೆ? ಯಾರಿಗೆ?"

"ಅವರಿಗೇ."

"ಅಂದ್ರೆ?"

"ಅವರನ್ನ ಬೈದಿರೋದನ್ನ ಅವರೇ ಓದ್ತಿದ್ದಾರೆ."

ಅವಳು ಒಳಗೆ ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟಳು, ಮಗುವಿನ ಬಾಯಿ ಮುಚ್ಚುವ ಹಾಗೆ. ಅಂಗೈಯ ಕೆಳಗಿನಿಂದಲೂ ನೀವು ಓದುತ್ತಲೇ ಇದ್ದಿರಿ, ಸ್ವಲ್ಪ ದೂರದಿಂದ. ಸದ್ದು ಆಫ್ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಾತಾಡುವವರನ್ನು ಆಫ್ ಮಾಡುವುದು ಹೇಗೆ?

ಮರುದಿನ ಆಸ್ಪತ್ರೆಯಲ್ಲಿ ಫೋನೆತ್ತಿದೆ. ಆ ಕಡೆ ಯಾರೋ ಹೆಂಗಸು ಗುಟುಕರಿಸಿ, "ನಿಮ್ಮ..." ಎಂದರು. ನಾನು ಬೈಗುಳಕ್ಕೆ ಕಾದೆ. "ನಿಮ್ಮ ಆಸ್ಪತ್ರೇಲಿ ಮಕ್ಕಳ ಡಾಕ್ಟರು ಎಷ್ಟೊತ್ತಿಗೆ ಬರ್ತಾರೆ?" ಅಷ್ಟೇ ಕೇಳಿದ್ದು. ಉತ್ತರ ಕೊಡಲು ನನಗೆ ಇಷ್ಟು ಹೊತ್ತು ಯಾಕೆ ಬೇಕೆಂದು ಆಕೆಗೆ ಸಿಟ್ಟು ಬಂದಿರಬೇಕು.

ನಮ್ಮ ಗುಂಪಿಗೊಂದು ನಡವಳಿಕೆಯ ನಿಯಮಾವಳಿ ಇದೆ. ಬೇರೆ ಯಾವುದೋ ಗುಂಪಿನಿಂದ ತಂದು ಅಂಟಿಸಿದ್ದು. ಅದನ್ನು ಪೂರ್ತಿ ಓದಿದವರು ನೀವೊಬ್ಬರೇ, ಕೇಳಿದವನು ನಾನೊಬ್ಬನೇ. ಅದರ ಪ್ರಕಾರ ದೂರು ವಿಚಾರಿಸಲು ಮೂವರ ಸಮಿತಿ: ಒಬ್ಬರು ವಕೀಲರು, ಒಬ್ಬರು ಲೈಬ್ರರಿ ಮೇಡಂ, ಮತ್ತೆ ನಾನು. ನಾನೇ ದೂರು ಬರೆಯಲು ಕೂತಿದ್ದೆ. ನಿಮ್ಮದು ಮೊದಲು ಬಂತು. ಅದನ್ನೂ ನೀವೇ ಓದಿ ಹೇಳಿದಿರಿ.

ವಿಚಾರಣೆ ಫೋನಿನಲ್ಲೇ ನಡೆಯಿತು. ಯಜಮಾನರು ಆರಾಮವಾಗಿದ್ದರು. "ನಾನು ಬೈದಿದ್ದು ಕೆಲಸಕ್ಕೆ, ಮನುಷ್ಯರಿಗಲ್ಲ. ನಮ್ಮಲ್ಲಿ ಮೊದಲಿಂದ ಇದೇ ಭಾಷೆ. ಇಷ್ಟಕ್ಕೂ ಬರೀ ಅಕ್ಷರ ಅದು, ಅಷ್ಟೊಂದು ಯಾಕೆ ಹಚ್ಚಿಕೊಳ್ತೀರಿ?" ಎಂದರು. ವಕೀಲರು ಹೂಂ ಎಂದರು, ಲೈಬ್ರರಿ ಮೇಡಂ ಪುಟ ತಿರುವಿದರು. ನಾನು ವಾದ ಮಾಡಲಿಲ್ಲ. ನನಗೆ ಅಕ್ಷರ ಗೊತ್ತಿಲ್ಲ, ನಾನು ಹೇಗೆ ಓದ್ತೀನೋ ಹಾಗೇ ಕೇಳಿಸ್ತೀನಿ, ಎಂದು ಹೇಳಿ ಫೋನನ್ನು ಸ್ಪೀಕರಿನ ಹತ್ತಿರ ಇಟ್ಟೆ.

ನೀವು ಓದಿದಿರಿ. ಗುಟುಕು. ನಿಮ್ಮ ಕೆಲಸ. ಗುಟುಕು. ನಿಮ್ಮ ಗಂಟಲು.

ಅರ್ಧಕ್ಕೆ ಯಜಮಾನರು, "ಸಾಕು. ಆಕೆ ಅಲ್ಲೇ ಕೂತಿದ್ದಾರಾ?" ಎಂದು ಕೇಳಿದರು.

"ಇಲ್ಲ ಸರ್. ನೀವು ಮಾಡಿದ ತಂತ್ರಾಂಶ."

"ಅಳ್ತಿದ್ದಾರಲ್ಲ."

"ಅಳು ಅಲ್ಲ. ನೀವು ಕೊಟ್ಟ ನೀರು."

ಲೈನ್ ಕಟ್ ಆಯಿತು. ಒಂದು ವರ್ಷ ಅವರು ಗುಂಪಿನಿಂದ ಹೊರಗೆ ಎಂದು ತೀರ್ಮಾನವಾಯಿತು. ಮೈ ಮನೆಗೆ ಕೈ ಹಾಕಿದವನು ಕಾಯಂ ಹೊರಗೆ. ಅಷ್ಟರಲ್ಲಿ ಯಜಮಾನರು ತಮ್ಮ ಕೊನೆಯ ತಿದ್ದುಪಡಿ ಕಳಿಸಿಬಿಟ್ಟಿದ್ದರು. 'ನೀರಿನ ಸದ್ದು ತೆಗೆದಿದೆ' ಎಂಬ ಟಿಪ್ಪಣಿ, ಬೇರೆ ಒಂದಕ್ಷರವಿಲ್ಲ. ಪರೀಕ್ಷಿಸಿದೆ. ಗುಟುಕು ಹೋಗಿತ್ತು. ಈಗ ಬೈಗುಳ ಇನ್ನೂ ಸರಾಗವಾಗಿ ಬರುತ್ತಿತ್ತು.

ತೀರ್ಮಾನವನ್ನು ನಿಮಗೆ ತಿಳಿಸಿದ್ದಕ್ಕೆ ನಿಮ್ಮ ಉತ್ತರ ಬಂತು. "ಶಿಕ್ಷೆ ವಿಚಾರ ನಿಮಗೇ ಬಿಟ್ಟದ್ದು. ನಿಮ್ಮ ಸಮಿತಿಯಲ್ಲಿ ಒಬ್ಬರಿಗೆ ಕಣ್ಣಿಲ್ಲವಲ್ಲ, ಅವರಿಗೆ ಇದನ್ನೆಲ್ಲ ನಾನೇ ಓದಿ ಹೇಳಿದೆನಾ? ಹಾಗಿದ್ದರೆ ನನ್ನ ದನಿ ತೆಗೆದುಬಿಡಿ."

ಈ ಸಾಲನ್ನು ನಿಮ್ಮದೇ ದನಿಯಲ್ಲಿ ಕೇಳುವುದು ಏನೆಂದು ನಿಮಗೆ ಹೇಗೆ ಹೇಳಲಿ. ಕಂಪ್ಯೂಟರಿನೊಳಗಿಂದ ಮೊಟ್ಟಮೊದಲ ಸಲ ನೀವು ನನ್ನ ಜೊತೆ ಮಾತಾಡಿದಿರಿ.

ವಕೀಲರು ತಂತ್ರಾಂಶದ ಪರವಾನಗಿ ತೆಗೆದು ನೋಡಿದರು. "ಮುಕ್ತವಾಗಿ ಕೊಟ್ಟದ್ದು ಕೊಟ್ಟ ಹಾಗೇ. ವಾಪಸ್ ಕೇಳೋಕೆ ಕಾನೂನಲ್ಲಿ ದಾರಿ ಇಲ್ಲ." ನಾನು ಹೇಳಿದೆ, "ಅವರು ಒತ್ತಾಯ ಮಾಡೋಕೆ ದಾರಿ ಇಲ್ಲ. ಮರ್ಯಾದೆಯಿಂದ ನಾವೇ ತೆಗೆದರೆ ಯಾರ ಅಡ್ಡಿ?" ಲೈಬ್ರರಿ ಮೇಡಂ ಮೆಲ್ಲಗೆ, "ತೆಗೆದರೆ ನಷ್ಟ ನಿಮಗೇ ಅಲ್ವಾ. ನೀವೇ ಹೇಳಿ" ಎಂದರು. ಹೀಗೆ ನಿಮ್ಮ ದನಿ ನನ್ನ ಕೈಗೆ ಬಂತು.

ನನ್ನಂತೆ ನಿಮ್ಮನ್ನು ಕೇಳುವ ನಾಲ್ಕಾರು ಜನರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ, "ಅಣ್ಣಾ, ನಂಗೆ ಪರೀಕ್ಷೆ ಇದೆ. ಆ ದನೀಲಿ ಓದಿದ್ದು ಮಾತ್ರ ನೆನಪಿರತ್ತೆ" ಎಂದಳು. ಆಮೇಲೆ, "ಪರೀಕ್ಷೆ ಮುಗಿಯೋವರೆಗೆ ಕಾಯ್ತಾರಾ ಕೇಳಿ" ಎಂದಳು. ನಿಮ್ಮನ್ನು ಕೇಳಿದೆ, ನೀವು ಕಾದಿರಿ. ಇನ್ನೊಬ್ಬರು ಹಿರಿಯರು, "ನಾನು ಯೋಚನೆ ಮಾಡೋದೇ ಈಗ ಆಕೆ ದನೀಲಿ. ತೆಗೆದರೆ ಒಳಗೆ ಯಾರು ಮಾತಾಡ್ತಾರೆ?" ಎಂದರು. ನನಗೂ ಹಾಗೇ ಎಂದು ಹೇಳಲಿಲ್ಲ.

ನಿನ್ನೆ ತೆಗೆದೆ. ಗುಂಪಿನ ಹೊಸ ಆವೃತ್ತಿಯಿಂದ ಮೊದಲು, ಆಮೇಲೆ ನನ್ನ ಕಂಪ್ಯೂಟರಿನಿಂದ. ಆದರೆ ಯಂತ್ರ ಕೇಳದೆ ಏನನ್ನೂ ಅಳಿಸುವುದಿಲ್ಲ, ಕೇಳುವ ಬಾಯಿಯೋ ಅದಕ್ಕೆ ಒಂದೇ.

"ಈ ದನಿಯನ್ನು ಶಾಶ್ವತವಾಗಿ ಅಳಿಸಲಾಗುವುದು. ಖಚಿತವೇ?" ಎಂದು ನೀವೇ ಕೇಳಿದಿರಿ.

ಬೆರಳು ಎತ್ತಿದೆ. ಎರಡನೆಯ ಸಲವೂ ಕೇಳಿದಿರಿ. ಅದೇ ಹವಾಮಾನದ ರಾಗ, ಭಯವಿಲ್ಲ, ಬೇಡಿಕೆಯಿಲ್ಲ. ಹೌದು ಅಕ್ಕಾ, ಎಂದು ಗಟ್ಟಿಯಾಗಿಯೇ ಹೇಳಿ ಕೀಲಿ ಒತ್ತಿದೆ. ಅಳಿಸಲಾಗುತ್ತಿದೆ ಎನ್ನಲು ಹೊರಟು 'ಅಳಿಸಲಾಗು' ಎಂಬಲ್ಲಿ ನಿಂತಿರಿ. ಉಳಿದ ಅರ್ಧ ಪದ ಹೇಳಲು ಯಾರೂ ಇರಲಿಲ್ಲ.

ಪೂರ್ತಿ ತೆಗೆದೆವೆಂದು ಹೇಳಲಾರೆ. ಇವತ್ತು ಆಸ್ಪತ್ರೆಯ ಲಿಫ್ಟ್ ಹತ್ತಿದೆ, "ಬಾಗಿಲು ಮುಚ್ಚುತ್ತಿದೆ" ಎಂದಿರಿ. ಬಿಟ್ಟಿ ಸಿಕ್ಕಿದ್ದನ್ನು ಯಾರೋ ಲಿಫ್ಟಿಗೆ ಹಾಕಿದ್ದಾರೆ. ಇನ್ನೆಲ್ಲೆಲ್ಲಿ ಇದ್ದೀರೋ ದೇವರೇ ಬಲ್ಲ. ಲಿಫ್ಟಿನವರಿಗೆ ಪತ್ರ ಹಾಕಿದ್ದೇನೆ. ಅವರು ತೆಗೆಯುವವರೆಗೆ ನನಗೆ ಮೆಟ್ಟಿಲೇ ಗತಿ. ಮಂಡಿ ನೋವು, ಮನಸ್ಸು ಹಗುರ.

ಈ ಪತ್ರವನ್ನು ಸದ್ದು ಆಫ್ ಮಾಡಿ ಬೆರಳಂದಾಜಿನಲ್ಲಿ ಟೈಪ್ ಮಾಡಿದ್ದೇನೆ. ಡಬ್ಬದ ದನಿಯಿಂದ ಇದನ್ನು ಓದಿಸಿಕೊಳ್ಳಲು ಮನಸ್ಸು ಬರಲಿಲ್ಲ. ಹೆಂಡತಿ ತಿದ್ದುತ್ತೇನೆಂದಳು, ಬೇಡವೆಂದೆ. ತಪ್ಪಿದ್ದರೆ ಮಕ್ಕಳ ಪುಟ ತಿದ್ದುವ ಹಾಗೆ ತಿದ್ದಿಕೊಳ್ಳಿ. ನಾನು ಬರೆದದ್ದನ್ನು ನೀವು ನನಗಿಂತ ಮುಂಚೆ ಓದದೆ ಇದ್ದದ್ದು ಇದೇ ಮೊದಲು. ಇದನ್ನು ಗಟ್ಟಿಯಾಗಿ ಓದುವುದೋ ಮನಸ್ಸಿನಲ್ಲೇ ಓದುವುದೋ, ನಿಮ್ಮ ಇಷ್ಟ. ಇನ್ನು ಆ ಬಾಯಿ ನಿಮ್ಮದು.

ನಿಮ್ಮ ಮಾತಿಗೆ ಯಾರೂ ಹೊಲಿಗೆ ಹಾಕದಿರಲಿ, ಶಿಶುವಿಹಾರದ ಮಕ್ಕಳು ಮಾತ್ರ ಅದನ್ನು ಕೇಳಿ ಬೆಳೆಯಲಿ.

ನಿಮ್ಮಿಂದ ಕೇಳಿ ಬಾಳಿದ,
ಇನ್ನು ಕೇಳದೆ ಬಾಳಲಿರುವ,
ನಿಮ್ಮ ತಮ್ಮ